ಹೆಸರಿಟ್ಟು ಬಿತ್ತಿದ ಗಿಡಗಳು

ಅವತ್ತು ಬೆಳಗ್ಗೆ ಗಾಳಿಯೇ ಇರಲಿಲ್ಲ. ಕಾಕ್‌ಪಿಟ್ ಎಂದು ಕರೆಯುವ ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಮಂಜು ಕದಲದೆ ಕೂತಿತ್ತು. ಪಿಮೆಂಟೋ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೆಂಪು ಮಣ್ಣಿನ ವಾಸನೆಗೆ ಎಳೆಯ ಗಾಂಜಾ ಸೊಪ್ಪಿನ ಘಾಟು ಸೇರಿ ಗಂಟಲಿಗೆ ಅಂಟುತ್ತಿತ್ತು.

ತೊಗರಿ ಸಾಲುಗಳ ಮರೆಯಲ್ಲಿ ಬೆಳೆದ ಗಾಂಜಾ ಗಿಡಗಳ ನಡುವೆ ನಿಂತು ಲೆನ್ವರ್ತ್ ತನ್ನ ಕತ್ತರಿಯನ್ನು ಅಂಗಿಯ ತುದಿಗೆ ಒರೆಸಿಕೊಂಡ. ಮೊಂಟೆಗೋ ಬೇ ಪಟ್ಟಣದಲ್ಲಿ ಅವನದೊಂದು ಕ್ಷೌರದಂಗಡಿ ಇತ್ತು. ಅದು ಬೆಂಕಿಗೆ ಹೋಯಿತು. ಉಳಿದದ್ದು ಈ ಕತ್ತರಿ, ಮತ್ತು ತೀರಿಹೋದ ಸೋದರಮಾವ ಜೆಫ್ತಾ ಬಿಟ್ಟುಹೋದ ಈ ಗುಡ್ಡದ ತುಂಡು. ಈ ಒಂದು ಫಸಲು ಕೈಗೆ ಬಂದರೆ ಮತ್ತೆ ಅಂಗಡಿ ತೆರೆದು ಮಗಳು ಶಮೋಯಾಳ ಹತ್ತಿರವೇ ಇರಬಹುದು. ಅಷ್ಟೇ ಅವನ ಆಸೆ.

"ಕಬ್ಬಿಣ ತಾಗಿಸಬೇಡ ಮಗಾ."

ಬೇಲಿಯಾಚೆ ಮಿಸ್ ಇಸಿಲ್ಡಾ ನಿಂತಿದ್ದಳು. ಕೊನೆಗಾಲದಲ್ಲಿ ಜೆಫ್ತಾನಿಗೆ ಗಂಜಿ ಕುಡಿಸಿದ ಪಕ್ಕದ ಮನೆಯ ಮುದುಕಿ.

"ಯಾಕೆ, ಗಿಡ ಅಳುತ್ತಾ?"

"ನಿಮ್ಮ ಮಾವ ಸಾಯೋ ತನಕ ತಲೆಗೆ ಕತ್ತರಿ ತಾಗಿಸಿದವನಲ್ಲ. ದೇವರಿಗೆ ಕೊಟ್ಟ ಮಾತು. ಗಿಡಕ್ಕೂ ಅದೇ ನೇಮ. ಎತ್ತರ ಬಂದ್ರೆ ಬಗ್ಗಿಸಿ, ಬಾಳೆನಾರಲ್ಲಿ ಗೂಟಕ್ಕೆ ಕಟ್ತಿದ್ದ." ಮುದುಕಿ ದನಿ ತಗ್ಗಿಸಿದಳು. "ಈ ಸಲ ಒಂದೊಂದು ಬೀಜಕ್ಕೂ ಒಂದೊಂದು ಹೆಸರು ಹೇಳಿ ಬಿತ್ತಿದಾನೆ. ಎಲ್ಲಾ ನಿನ್ನ ಬಲ್ಲೋರ ಹೆಸರು. 'ನಾನು ಒಂಟಿಯಾಗಿ ಸಾಯ್ತಿದೀನಿ, ಅವನಿಗೆ ಹಾಗಾಗೋದು ಬೇಡ, ಈ ಗಿಡಗಳು ಅವನ ನಂಟು ಹಿಡಿದಿರಲಿ' ಅಂತಿದ್ದ. ಕುಡಿ ಕತ್ತರಿಸಿದ್ಯೋ, ನಂಟು ಹೋಯ್ತು. ಆ ನಡುವಿಂದು ನಿನ್ನ ಮಗಳದು."

"ನಿಮ್ಮದೂ ಇದೆಯಾ?"

"ಕಮರಿ ಅಂಚಿಗೆ ಇದೆಯಲ್ಲ, ಅದು."

ಲೆನ್ವರ್ತ್ ನಕ್ಕುಬಿಟ್ಟ. "ಜೀವಮಾನವೆಲ್ಲ ಜನರ ತಲೆಗೂದಲು ಕತ್ತರಿಸಿದೀನಿ ಮಿಸ್ ಇಸಿಲ್ಡಾ. ಒಬ್ಬನ ಜುಟ್ಟೂ ನನಗೆ ಶಾಪ ಹಾಕಿಲ್ಲ."

ಅವನ ಲೆಕ್ಕವೂ ತಪ್ಪೇನಲ್ಲ. ಗಾಂಜಾ ತೊಗರಿಯನ್ನು ಮೀರಿ ಎದ್ದರೆ ಸೈನ್ಯದ ಹೆಲಿಕಾಪ್ಟರಿನ ಕಣ್ಣಿಗೆ ಬೀಳುತ್ತದೆ. ಬಿದ್ದರೆ ಹೊಲಕ್ಕೆ ಬೆಂಕಿ. ಕುಡಿ ಕತ್ತರಿಸಿದರೆ ಗಿಡ ಕುಳ್ಳಾಗುತ್ತದೆ, ಒಂದಿದ್ದ ಕಡೆ ಎರಡು ಕವಲೊಡೆಯುತ್ತದೆ, ಹೂವೂ ಹೆಚ್ಚು. ಒಂದೊಂದನ್ನೇ ಬಗ್ಗಿಸಿ ಕಟ್ಟುತ್ತ ಕೂರುವ ತಾಳ್ಮೆ ಯಾರಿಗಿದೆ?

ಮೊದಲ ಕುಡಿ ಉದುರಿತು. ಹಸಿ ಘಾಟು ಮೂಗಿಗೆ ಅಡರಿತು. ಬೆನ್ನ ಹಿಂದೆ ಯಾರೋ ಕರೆದರು.

"ಲೆನ್..."

ಹೆಸರು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದ. ಮಂಜು. ಎರಡನೆಯದನ್ನು ಕತ್ತರಿಸಿದ. "ಲೆನ್..." ಈ ಸಲ ಬೇರೆ ದನಿ. ತಗ್ಗಿನಲ್ಲಿ ಸದ್ದು ಹೀಗೇ ಮಾರ್ದನಿಗೊಡುತ್ತದೆ ಎಂದುಕೊಂಡು ಒಂದೊಂದೇ ಸಾಲು ಮುಗಿಸುತ್ತ ಹೋದ. ಬಿಸಿಲೇರಿದ್ದರಿಂದ ನಡುವಿನದೂ ಕಮರಿಯಂಚಿನದೂ ಎರಡು ಮಾತ್ರ ಹಾಗೇ ಉಳಿದವು.

ಸಂಜೆ ಕೂಡುರಸ್ತೆಯ ಬರ್ಟಿಯ ಅಂಗಡಿಗೆ ಇಳಿದುಹೋದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊಳೆಯಲ್ಲಿ ಈಜಿದವರು.

"ಏನು ಬೇಕಿತ್ತು ಸರ್?"

"ಸರ್ ಅಂತೆ! ಲೋ ಬರ್ಟಿ, ಬೆಳಗ್ಗೆಯಿಂದಲೇ ರಮ್ ಇಳಿಸಿದೀಯಾ?"

ಬರ್ಟಿಯ ಮುಖದಲ್ಲಿ ನಗು ಹುಟ್ಟಲಿಲ್ಲ. "ನಿಮ್ಮನ್ನ ಎಲ್ಲೂ ನೋಡಿದ ನೆನಪಿಲ್ಲ," ಎಂದು ದೀಪವನ್ನು ಮೇಲೆತ್ತಿ, ಹೆದರಿದವನಂತೆ ಒಂದು ಹೆಜ್ಜೆ ಹಿಂದೆ ಸರಿದ.

ಕ್ಷೌರದಂಗಡಿಯಲ್ಲಿ ಜೊತೆಗೆ ದುಡಿದಿದ್ದ ವಿಂಟನ್‌ಗೆ ಫೋನ್ ಮಾಡಿದ. ಅವನು ರಾಂಗ್ ನಂಬರ್ ಎಂದು ಇಟ್ಟುಬಿಟ್ಟ. ಒಡಹುಟ್ಟಿದ ಅಕ್ಕ, "ನನಗೆ ತಮ್ಮನೇ ಇಲ್ಲವಲ್ಲ," ಎಂದಳು. ಬೇಸರವಿಲ್ಲದ, ತಿಳಿಯಾದ ದನಿ.

ದಿನಗಳು ಉರುಳಿದವು. ಕತ್ತರಿಸಿದ ಗಿಡಗಳು ಮೈದುಂಬಿ ಕವಲೊಡೆದವು. ಇಂಥ ಹೊಲವನ್ನು ಆ ಗುಡ್ಡ ಕಂಡಿರಲಿಲ್ಲ. ಲೆನ್ವರ್ತ್ ಸುಟ್ಟ ದೀವಿಹಲಸನ್ನು ಒಬ್ಬನೇ ಮುರಿದು ತಿನ್ನುತ್ತಿದ್ದ. ದಾರಿಯಲ್ಲಿ ಎದುರಾದವರು ಅವನನ್ನು ಕಲ್ಲನ್ನು ಬಳಸಿದ ಹಾಗೆ ಬಳಸಿ ಹೋಗುತ್ತಿದ್ದರು. ಜಗತ್ತಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ ಉಳಿದಿದ್ದರು: ಫೋನಿನಲ್ಲಿ ಶಮೋಯಾ, ಬೇಲಿಯಾಚೆ ಮಿಸ್ ಇಸಿಲ್ಡಾ. ಉಳಿದ ಆ ಎರಡು ಗಿಡಗಳ ಹತ್ತಿರ ಸುಳಿಯಲೂ ಅವನಿಗೆ ಭಯ. ಅವು ತೊಗರಿಯ ತಲೆ ದಾಟಿ ಮೇಲೆದ್ದವು.

"ಹೆದರಿ ಕೂತ್ರೆ ಆಗಲ್ಲ," ಎಂದಳು ಮುದುಕಿ. "ದಂಟು ಬಲಿತಿದೆ, ಒಮ್ಮೆಗೇ ಬಗ್ಗಿಸಿದ್ರೆ ಲಟ್ ಅನ್ನುತ್ತೆ. ಬೆರಳಲ್ಲಿ ಹಿಸುಕಿ ಹಿಸುಕಿ ಒಳಗಿನ ನಾರು ಮೆತ್ತಗೆ ಮಾಡ್ಬೇಕು. ಸಿಪ್ಪೆ ಹರೀಬಾರದು. ನಾಳೆ ಬೆಳಗ್ಗೆ ನಾರು ತರ್ತೀನಿ, ಇಬ್ಬರೂ ಸೇರಿ ಮಾಡೋಣ. ಪ್ರಾರ್ಥನೆ ಮಾಡಿ ಮಲಕ್ಕೋ."

ಮರುದಿನ ಮುದುಕಿ ಬರುವ ಮೊದಲೇ ಆ ಸದ್ದು ಬಂತು.

ದೂರದ ಗುಡ್ಡದ ಹಿಂದೆ, ಎದೆ ಬಡಿತದಂಥ ಸದ್ದು. ಹೆಲಿಕಾಪ್ಟರ್.

ಲೆನ್ವರ್ತ್ ಮಗಳ ಗಿಡದತ್ತ ಓಡಿದ. ದಂಟನ್ನು ಹೆಬ್ಬೆರಳಲ್ಲಿ ಹಿಸುಕಿದ. ಬಗ್ಗಲಿಲ್ಲ. ಮತ್ತೆ ಹಿಸುಕಿದ. ಒಳಗೆ ಏನೋ ಮೆಲ್ಲಗೆ ಮುರಿದ ಸದ್ದು. ಸಿಪ್ಪೆ ಹಿಡಿದಿತ್ತು. ಇನ್ನೊಂದು ಗೇಣು. ಬೆರಳೆಲ್ಲ ಅಂಟು. ಸದ್ದು ಹತ್ತಿರವಾಯಿತು. ಗಿಡ ನಡುಗಿತು. ಬಾಗಿತು. ನೆಲ ಮುಟ್ಟಿತು. ಅಂಗಿ ಹರಿದು ಗೂಟಕ್ಕೆ ಬಿಗಿದ. ನಿಂತಿತು!

ತಲೆಯೆತ್ತಿದ. ಕಮರಿಯಂಚಿನಲ್ಲಿ ಇನ್ನೊಂದು ಗಿಡ, ಬಾವುಟದಂತೆ ನೆಟ್ಟಗೆ. ಅದನ್ನು ಕಂಡರೆ ಅವರು ಇಳಿಯುತ್ತಾರೆ. ಇಳಿದರೆ ಎಲ್ಲಕ್ಕೂ ಬೆಂಕಿ. ಬಾಗಿ ಮಲಗಿದ ಈ ಗಿಡಕ್ಕೂ.

ಅದರತ್ತ ಓಡಿದ. ಹಿಸುಕಲು ಹೊತ್ತಿಲ್ಲ. ಕೈ ಜೇಬಿಗೆ ಹೋಯಿತು. ಕತ್ತರಿ ತಣ್ಣಗಿತ್ತು.

ಕೆಳಗಿನ ಕಾಲುದಾರಿಯಲ್ಲಿ ಮಿಸ್ ಇಸಿಲ್ಡಾ ಬರುತ್ತಿದ್ದಳು. ಹೆಗಲ ಮೇಲೆ ಬಾಳೆನಾರಿನ ಕಟ್ಟು. ನೋಯುವ ಮಂಡಿಯಲ್ಲೇ ಬೇಗ ಬೇಗ ಹೆಜ್ಜೆ ಹಾಕುತ್ತ, ಕೈಯೆತ್ತಿ ಕೂಗಿದಳು.

"ಲೆನ್ವರ್ತ್! ಬಂದೇ ಮಗಾ! ಲೆನ್..."

ಕುಡಿಯ ಮೇಲೆ ಕತ್ತರಿ ಮುಚ್ಚಿಕೊಂಡಿತು.

ಮುದುಕಿ ದಾರಿಯ ನಡುವೆ ನಿಂತಳು. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಹೆಗಲ ಮೇಲಿನ ನಾರನ್ನು ಮುಟ್ಟಿ ನೋಡಿಕೊಂಡಳು, ಇದನ್ನೇಕೆ ತಂದೆ ಎಂಬಂತೆ. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ಇಳಿದುಹೋದಳು. ಹೆಲಿಕಾಪ್ಟರ್ ತೊಗರಿಯ ಮೇಲೆ ನೆರಳು ಹಾಯಿಸಿ, ನಿಲ್ಲದೆ ದಾಟಿತು.

ಸಂಜೆ ಮಗಳಿಗೆ ಫೋನ್ ಮಾಡಿದ.

"ಅಪ್ಪಾ! ಇವತ್ತು ಯಾಕೆ ಇಷ್ಟು ಲೇಟು? ಯಾವಾಗ ಬರ್ತೀಯಾ?"

"ಬರ್ತೀನಿ ಕಂದಾ," ಎಂದ.

ಗೇಟು ಕಿರುಗುಟ್ಟಿತು. ಮಿಸ್ ಇಸಿಲ್ಡಾ ಒಂದು ಪಿಂಗಾಣಿ ಬಟ್ಟಲು ಹಿಡಿದು, ಹೊಸ್ತಿಲಿಂದ ದೂರವೇ ನಿಂತಿದ್ದಳು.

"ಕ್ಷಮಿಸಬೇಕು ಸರ್. ಈ ಮನೆಯಿಂದ ಉಪ್ಪು ಕಡ ಒಯ್ದಿದ್ದೆ. ಕೊಟ್ಟವರು ಯಾರು ಅಂತ ಎಷ್ಟು ಯೋಚಿಸಿದರೂ ಹೊಳೀತಿಲ್ಲ. ನೀವು ಹೊಸಬರು ಅಂತ ಕಾಣುತ್ತೆ, ನೀವೇ ಇಟ್ಕೊಳ್ಳಿ."

ಬಟ್ಟಲನ್ನು ಅವನ ಕೈಗಿಟ್ಟು, ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.