ಪಾಸ್ ಆಗದ ಹಾಲು

"ಈ ಹಾಲು ಪಾಸ್ ಆಗೂದಿಲ್ಲ. ವಾಪಸ್ ತಗೊಂಡ ಹೋಗ್ರಿ."

ಸಾಂಗ್ಲಿವಾಡಿಯ ಹಾಲಿನ ಸೊಸೈಟಿಯಲ್ಲಿ, ಅರ್ಧ ಊರಿನೆದುರು ಭೂಪಾಲ ಹೀಗೆಂದಾಗ ಜಿನಮತಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹಾಲು ಪರೀಕ್ಷಿಸುವ ಈ ಸಮಡೋಳಿಯ ಹುಡುಗನೇ ಬರುವ ಭಾನುವಾರ ಅವಳನ್ನು ನೋಡಲು ಬರುವವ! ಆರು ತಿಂಗಳಿಂದ ಕಣ್ಣಲ್ಲೇ ಮಾತಾಡಿದವ!

"ಇನ್ನೊಮ್ಮೆ ನೋಡ್ರಿ..." ಅವಳು ಹಾಲಿನ ಕ್ಯಾನನ್ನು ಮತ್ತೆ ಮುಂದೆ ಸರಿಸಿದಳು.

"ನೋಡೇನಿ. ಮುಂದಿನವರು ಬರ್ರಿ."

ಅವನು ತಲೆ ಎತ್ತಲಿಲ್ಲ.

ಈ 'ಪಾಸ್' ಅನ್ನೋ ಪುಟ್ಟ ಮಾತಿದೆಯಲ್ಲ, ಆ ಊರಲ್ಲಿ ಅದು ಕಾಲಿಡದ ಜಾಗವೇ ಇರಲಿಲ್ಲ! ಸೇತುವೆ ದಾಟಿ ಪೇಟೆಗೆ ಹೋಗಲು ಬಸ್ಸಿನ ಪಾಸ್. ಸೊಸೈಟಿ ಮೀಟಿಂಗಿನಲ್ಲಿ ಠರಾವು ಪಾಸ್. ಅತ್ತೆಯಾಗುವವಳು ತಲೆಯಾಡಿಸಿದರೆ ಹುಡುಗಿಯೂ ಪಾಸ್. ಇಸ್ಪೀಟಿನ ಹುಚ್ಚಿದ್ದ ಮುದುಕ ಜ್ಯೋತೆಪ್ಪನಂತೂ ಊಟಕ್ಕೆ ಕೂತು ಸಾಕಾದರೆ "ಪಾಸ್" ಅಂತ ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಆದರೆ ಗೆಳತಿ ಕೆಂಪವ್ವ ದಾರಿಯಲ್ಲಿ ಅಂದ ಮಾತು ಮಾತ್ರ ಎದೆಗೆ ಚುಚ್ಚಿತು.

"ನಿನ್ನ ಜೋಡಿ ಟೈಮ್‌ಪಾಸ್ ಮಾಡ್ಯಾನ ನೋಡ. ಮದ್ವಿ ಆಗವ ಹಿಂಗ ಮರ್ಯಾದಿ ಕಳೀತಾನೇನ?"

ಮನೆಯಲ್ಲಿ ಅಪ್ಪ ತವನಪ್ಪ ಕೆಂಡವಾದ.

"ಇಷ್ಟ್ ವರ್ಷದಾಗ ನಾ ಒಂದ್ ಹನಿ ನೀರ್ ಹಾಕಿಲ್ಲ! ನನ್ನ ಹಾಲು ಬ್ಯಾಡಾದವಗ ನನ್ನ ಮಗಳು ಯಾಕ? ಐತವಾರ ಬರಬ್ಯಾಡಂತ ಹೇಳಿ ಕಳಸ್ತೇನಿ!"

ಜಿನಮತಿ ಸೆರಗಲ್ಲಿ ಮುಖ ಮುಚ್ಚಿ ಅತ್ತಳು. 'ಯಾಕಂತ ಒಂದ್ ಮಾತು ಹೇಳಬಾರದಿತ್ತಾ...?'

ಇಳಿಹೊತ್ತಿಗೆ ಬಾಗಿಲಲ್ಲಿ ಭೂಪಾಲ! ಜೊತೆಗೆ ದನದ ಡಾಕ್ಟರು. ತವನಪ್ಪ ಬಾಯಿ ತೆರೆಯುವ ಮೊದಲೇ ಡಾಕ್ಟರು ಎಮ್ಮೆಯ ಪಕ್ಕ ಕೂತು ಕೆಚ್ಚಲು ಒತ್ತಿ ನೋಡಿದರು.

"ಕೆಚ್ಚಲು ಬಾವು. ಇನ್ನ ಎರಡ್ ದಿನ ಬಿಟ್ಟಿದ್ರ ಎಮ್ಮಿ ಬತ್ತಿ ಹೋಗ್ತಿತ್ತು. ಛಲೋ ಹೊತ್ನ್ಯಾಗ ಹಿಡದಾನ ಈ ಹುಡುಗ."

"ಸೋಸೂ ಅರಿವ್ಯಾಗ ಹಾಲು ಒಡದಂಗ ಸಣ್ಣ ಗಡ್ಡಿ ಕಂಡ್ವು, ಕಾಕಾ," ಭೂಪಾಲ ಮೆಲ್ಲಗೆ ಹೇಳಿದ. "ಡಾಕ್ಟರ್ ನೋಡೂಮಟಾ ರೋಗ ಅಂತ ಹೆಂಗ ಅನ್ಲಿ? ಊರೆಲ್ಲಾ ಡಂಗುರ ಆಗ್ತಿತ್ತು. ನಾಳೆ ಎಲ್ಲಾರ ಮುಂದ ನಾನ ಹೇಳ್ತೇನಿ, ನೀರ್ ಹಾಕಿದ್ದಲ್ಲಂತ."

ತವನಪ್ಪನ ಸಿಟ್ಟು ಜರ್ರನೆ ಇಳಿಯಿತು.

"ಐತವಾರ... ನಿಮ್ಮ ಅವ್ವಾರ್ನೂ ಕರ್ಕೊಂಡ ಬಾರಪಾ," ಅಂದವನೇ ಡಾಕ್ಟರನ್ನು ಬೀಳ್ಕೊಡಲು ಹೊರಟ.

ಜಿನಮತಿಗೆ ಹೋದ ಜೀವ ಬಂದಂತಾಯಿತು! ಆದರೂ ಒಂದು ಮುಳ್ಳು ಉಳಿದಿತ್ತು.

"ನಾ ನಿಮಗ ಟೈಮ್‌ಪಾಸ್ ಏನ್ರಿ?"

ಭೂಪಾಲ ಬೆಚ್ಚಿದ. "ಡಾಕ್ಟರ್ನ ಹುಡುಕ್ಕೋತ ಮಿರಜಿನ ಮಟಾ ಸೈಕಲ್ ತುಳದೇನಿ. ಎಮ್ಮಿ ಸಲುವಾಗಿ ಅಷ್ಟ ಅಲ್ಲ... ನೀ ಅಳಕೋತ ಹೋದಿ, ಮುಂಜಾನಿಯಿಂದ ತುತ್ತು ಇಳದಿಲ್ಲ. ನೀ ಅಂದ್ರ ನನಗ ಜೀವ, ಜಿನಮತಿ."

ಅವಳ ಕಣ್ಣು ಮತ್ತೆ ತುಂಬಿದವು. ಈ ಸಲ ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

"ಉಪಾಸ ಅದೀರೇನ? ಒಳಗ ಬರ್ರಿ, ಜೈನರು ನಾವು, ಹೊತ್ತು ಮುಳುಗೂದ್ರಾಗ ಉಣ್ಣಬೇಕಲಾ!"

"ದಿನಾ ಹಿಂಗ ಕರೀತೀಯೇನ?"

"ಕರೀತೇನಿ..." ಅವಳು ನಾಚಿ ತಲೆ ತಗ್ಗಿಸಿದಳು. "ಈಗ ಲಗೂ ಬರ್ರಿ."