ಹೊಸ್ತಿಲ ಹೊರಗಿನ ಸಾಲು

"ಈ ಹಾರ ಇಲ್ಲಿ ಹಾಕಾಕ ಬರೂದಿಲ್ರಿ."

ಭೀಮರಾಯ ಮಾಸ್ತರು ಸಾತವ್ವನಿಗೆ ಆಡಿದ ಮೊದಲ ಮಾತೇ ಅದು. ಚೆಂಡುಹೂವಿನ ಹಾರ ಹಿಡಿದಿದ್ದ ಅವಳ ಕೈ ಅಲ್ಲೇ ನಿಂತಿತು.

ಮಸಗುಪ್ಪಿಯ ಆಚೆಗಿನ ಆ ಸಣ್ಣ ಊರಿನ ಸರಕಾರಿ ಶಾಲೆಯ ಮುಂದೆ ಅಂದು ಅವಳ ಕೇರಿಯೇ ನೆರೆದಿತ್ತು. ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತಾರರಲ್ಲಿ, ಬುದ್ಧನ ದಾರಿ ಹಿಡಿದ ಜನ. ಕೊಣ್ಣೂರಿನಿಂದ ಬಂದ ಹೊಸ ಮಾಸ್ತರೂ ಅದೇ ಜನದವರು. ಗೋಡೆಯ ಮೇಲಿನ ಸರಸ್ವತಿಯ ಪಕ್ಕ ನಮ್ಮ ಬುದ್ಧನೂ ಇರಲಿ ಎಂದು ಹಿರಿಯ ಉದ್ದಪ್ಪ ಕೊಲ್ಹಾಪುರದಿಂದ ಪಟ ತರಿಸಿದ್ದ. ನಮ್ಮವರನ್ನು ಕೇಳುವುದೇನಿದೆ ಎಂದು ಯಾರೂ ಮಾಸ್ತರನ್ನು ಮೊದಲೇ ಕೇಳಿರಲಿಲ್ಲ.

"ಮನ್ಯಾಗ ಇಡ್ರಿ ಕಾಕಾ, ನಾನೂ ಬಂದು ಕೈ ಮುಗೀತೇನಿ. ಇದು ಸರಕಾರದ ಸಾಲಿ," ಎಂದರು ಮಾಸ್ತರು.

"ಪಗಾರ ಬಂದ ಮ್ಯಾಲ ಕೇರಿ ನಾರತೈತೇನೋ ತಮ್ಮಾ?" ಎಂದ ಉದ್ದಪ್ಪ.

ಸಾತವ್ವ ಹಾರವನ್ನು ಕಟ್ಟೆಯ ಮೇಲಿಟ್ಟು, ತಿರುಗಿ ನೋಡದೆ ನಡೆದಳು.

ಹತ್ತು ವರ್ಷದ ಹಿಂದೆಯೂ ಅವಳು ಆ ಬಾಗಿಲಿನಿಂದ ಹೀಗೇ ಹೋಗಿದ್ದಳು.

ಆಗಿನಿಂದಲೂ ಪ್ರತಿ ಶುಕ್ರವಾರ ಶಾಲೆಯಲ್ಲಿ ಸರಸ್ವತಿ ಪೂಜೆ. ಅಂದು ಕೇರಿಯ ಮಕ್ಕಳು ಹೊಸ್ತಿಲ ಹೊರಗೆ ಸಾಲಾಗಿ ಕೂರಬೇಕು. ಕೊಬ್ಬರಿ, ಸಕ್ಕರೆ ಮೇಲಿನಿಂದ ಕೈಗೆ ಬೀಳುತ್ತಿತ್ತು. ಮೂರನೇ ಇಯತ್ತೆಯ ಸಾತವ್ವ ಒಂದು ದಿನ, ಯಾರೂ ಇಲ್ಲದಾಗ, ಒಳಗೆ ಹೋಗಿ ಪಟಕ್ಕೊಂದು ಹೂ ಏರಿಸಿದಳು. ಅವಳ ಕಣ್ಣೆದುರೇ ಪಟವನ್ನು ಇಳಿಸಿ ತೊಳೆದರು. ಅಪ್ಪ ಮತ್ತೆ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಅಜ್ಜಿ ಗುಡ್ಡವ್ವನಿಗೆ ಕಿವಿ ಕೇಳದು. ಮನೆಯಲ್ಲಿ ದಿನವೆಲ್ಲ ಮಾತಿಲ್ಲ. ಶುಕ್ರವಾರ ಬೆಳಿಗ್ಗೆ ಶಾಲೆಯ ಹೊರಗಿನ ಕಟ್ಟೆಯನ್ನು ಸಗಣಿ ಹಾಕಿ ಸಾರಿಸುವುದು ಅವಳ ಕೆಲಸ. ಒಳಗಿನ ನೆಲಕ್ಕೆ ಬೇರೆಯವರಿದ್ದರು. ಮಕ್ಕಳು ಮಗ್ಗಿ ಹೇಳುವಾಗ ಅವಳೂ ತುಟಿಯಲ್ಲೇ ಹೇಳಿಕೊಳ್ಳುವಳು.

'ನಮ್ಮವರೇ ಮಾಸ್ತರಾಗಿ ಬಂದರೂ ನನ್ನ ಹೂವಿಗೆ ಒಳಗೆ ಜಾಗವಿಲ್ಲ...' ಆ ವಾರವೆಲ್ಲ ಅದೊಂದೇ ಯೋಚನೆ.

ಮುಂದಿನ ಶುಕ್ರವಾರ ಸಗಣಿ ಬುಟ್ಟಿ ಇಳಿಸಿ ಒಳಗೆ ಇಣುಕಿದಳು. ಗೋಡೆಯ ಮೇಲೆ ಸರಸ್ವತಿಯ ಪಟವೂ ಇರಲಿಲ್ಲ. ಅದಿದ್ದ ಕಡೆ ಚೌಕಾಕಾರದ ಬೆಳ್ಳಗಿನ ಗುರುತು. ಮಾಸ್ತರು ಪಟವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಗುಡಿಯ ಪೂಜಾರಿಗೆ ಒಪ್ಪಿಸಿದ್ದರಂತೆ.

ಆಮೇಲೆ ಅವಳ ಕಣ್ಣು ಹೊಸ್ತಿಲ ಹೊರಗೆ ಬಿತ್ತು. ಶುಕ್ರವಾರ... ಆದರೂ ಅಲ್ಲಿ ಒಂದು ಮಗುವೂ ಇಲ್ಲ. ಎಲ್ಲರೂ ಒಳಗೆ ಒಂದೇ ಸಾಲಿನಲ್ಲಿ ಕೂತು ಮಗ್ಗಿ ಹೇಳುತ್ತಿದ್ದರು.

ಕೈಯ ಸಗಣಿ ಒಣಗಿದ್ದೂ ಅವಳಿಗೆ ತಿಳಿಯಲಿಲ್ಲ.

ಊರು ಸಿಟ್ಟಾಯಿತು. ಕೇರಿ ಮೊದಲೇ ಮಾತು ಬಿಟ್ಟಿತ್ತು. ಮಾಸ್ತರು ಒಬ್ಬರೇ ಕೊಡ ಹಿಡಿದು ಹೊಳೆಗೆ ಹೋಗಿ ಬರುವುದನ್ನು ಸಾತವ್ವ ದೂರದಿಂದ ನೋಡುವಳು. ತಪ್ಪು ತಿಳಿದುಕೊಂಡಿದ್ದೆ ಎಂದು ಅವರಿಗೆ ಹೇಳಬೇಕೆಂದುಕೊಳ್ಳುವಳು. ಎದುರಾದರೆ ಮಾತ್ರ ಸೆರಗು ಸರಿಪಡಿಸಿಕೊಂಡು ದಾಟಿಬಿಡುವಳು. ಅವರೂ ಏನೋ ಹೇಳಲು ನಿಂತು, ಮುಂದೆ ಹೋಗುವರು.

ದೀಪಾವಳಿ ಕಳೆಯುತ್ತಲೇ ಮಾಸ್ತರಿಗೆ ಹುಕ್ಕೇರಿ ಕಡೆಯ ಹಳ್ಳಿಗೆ ವರ್ಗವಾಯಿತು.

ಕೊನೆಯ ಸಂಜೆ ಅವಳ ಕಾಲು ತಾನೇ ಶಾಲೆಯತ್ತ ನಡೆಯಿತು. ಶಾಲೆಯ ಬಾಜೂ ಅವರ ಕೋಣೆ. ಬಾಗಿಲು ತೆರೆದಿತ್ತು. ಟ್ರಂಕಿನ ಮೇಲೆ ಸಣ್ಣದೊಂದು ಬುದ್ಧನ ಪಟ, ಅದಕ್ಕೆ ಒಣಗಿದ ಚೆಂಡುಹೂವಿನ ಹಾರ. ಹಾರದ ಗಂಟು ಅವಳು ಹಾಕಿದ್ದೇ.

"ಒಗದಿರತೀರಿ ಅನ್ಕೊಂಡಿದ್ದೆ," ಎಂದಳು.

"ಸಾಲ್ಯಾಗ ಹಾಕಾಕ ಬರೂದಿಲ್ಲ ಅಂದಿದ್ದೆ. ನನಗ ಬ್ಯಾಡ ಅಂದಿದ್ದಿಲ್ಲ."

ಮಾಸ್ತರು ಹಾರವನ್ನೇ ನೋಡುತ್ತ ಹೇಳಿದರು. "ನಾನೂ ಶುಕ್ರವಾರ ಹೊರಗ ಕುಂತು ಕಲತಾವ. ನಮ್ಮ ಪಟ ಏರಿಸಿದ್ರ ನಾಳೆ ಮತ್ತ್ಯಾರದೋ ಮಗಳು ಹೊರಗ ಕುಂಡರತಿದ್ಲು."

"ಒಳಗ ಹುಡುಗರ ಸಾಲು ನೋಡಿದಾಗನ ಗೊತ್ತಾತ್ರಿ. ಹೇಳಾಕ ಬಾಯಿ ಬರಲಿಲ್ಲ." ಅವಳು ತಡೆದು ಕೇಳಿದಳು, "ನೀವು ಹೋದ ಮ್ಯಾಲ ಪಟ ಮತ್ತ ಏರತೈತೇನ್ರಿ?"

"ಏರಬಹುದು. ಆದ್ರ ಹುಡುಗರು ಒಳಗ ಕುಂಡರೂದು ಕಲತಾರ."

ಅವರು ಶಾಲೆಯ ಬೀಗ ತೆಗೆದು ಪಕ್ಕಕ್ಕೆ ಸರಿದು ನಿಂತರು.

"ಒಳಗ ಬಾ, ಸಾತವ್ವ."

ಅವಳು ಹೊಸ್ತಿಲ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ದಾಟಿದಳು. ಒಳಗಿನ ನೆಲ ತಣ್ಣಗಿತ್ತು. ಮಕ್ಕಳು ಕೂರುವ ಜಾಗದಲ್ಲಿ, ನಡುವೆ, ಕಾಲು ಮಡಚಿ ಕೂತಳು. ಅಳು ತಾನಾಗಿಯೇ ಬಂತು.

ಮಾಸ್ತರು ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತರು.

"ಹುಕ್ಕೇರಿ ಕಡೆನೂ ನನ್ನ ಕೂಡ ಮಾತಾಡೋರು ಇರಾಕಿಲ್ಲ," ಎಂದರು, ಅವಳ ಅಳು ನಿಂತ ಮೇಲೆ.

"ನಾ ಬಾಳ ಮಾತಾಡಾಕಿ ಅಲ್ರಿ..."

"ಅಷ್ಟ ಸಾಕು. ಹೆಣ್ಣು ಕೇಳಾಕ ನಿಮ್ಮ ಅಜ್ಜಿ ಕಡೆ ಬರ್ಲೇನು?"

ಸಾತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲ ಸಲ ಅವರನ್ನು ನೇರವಾಗಿ ನೋಡಿದಳು.

"ಜೋರ್ಲೆ ಕೇಳ್ರಿ. ಆಕಿಗೆ ಕಿವಿ ಕೇಳೂದಿಲ್ಲ... ಕೇರಿಗೆಲ್ಲ ಕೇಳಲಿ."