ಮೂವತ್ತೊಂದನೇ ಟ್ಯೂಬು

ಕೊಟ್ಟದ್ದು ಮೂವತ್ತು ಟ್ಯೂಬು. ಪೆಟ್ಟಿಗೆಗೆ ಬಂದದ್ದು ಮೂವತ್ತೊಂದು.

"ಕಳವಾದ್ರೆ ಕಡಿಮೆಯಾಗ್ಬೇಕು ನರ್ಸಮ್ಮ. ಹೆಚ್ಚಾಗೋದು ಯಾವ ಸೀಮೆ ಕಳ್ಳತನ?" ದಿಂಬು ಕಾರ್ಖಾನೆಯ ಮೇಸ್ತ್ರಿ ನಕ್ಕಳು.

ನರ್ಸಮ್ಮ ನಗಲಿಲ್ಲ. ಗರ್ಭಕೋಶದ ಬಾಯಿಗೆ ಎಚ್‌ಪಿವಿ ಸೋಂಕು ತಗುಲಿದೆಯೇ ಎಂದು ನೋಡಲು ಹೆಂಗಸರು ತಾವೇ ಮಾದರಿ ತೆಗೆದು ಪೆಟ್ಟಿಗೆಗೆ ಹಾಕುವ ಟ್ಯೂಬುಗಳವು. ಮೂವತ್ತು ವಯಸ್ಸು ದಾಟಿದವರಿಗೆ ಮಾತ್ರ ಹಂಚಿದ್ದಳು. ಅಂದು ಚಿಕ್ಕವರೆಲ್ಲ ಮುತ್ತಿಕೊಂಡಿದ್ದರು.

"ನಾವೇನು ಮಲಮಕ್ಕಳಾ?"

"ಇಪ್ಪತ್ತೈದು ಆದೋರಿಗೂ ಇಲ್ವಾ?"

"ನಿಮಗಿನ್ನೂ ಕಾಲವಿದೆ, ಹೋಗ್ರೇ" ಎಂದು ನಗುತ್ತ ಕಳಿಸಿದ್ದಳು.

ಹೆಚ್ಚಾದ ಟ್ಯೂಬಿಗೆ ಹೆಸರಿರಲಿಲ್ಲ; ಯಾರೋ ಅದನ್ನು ಬಿಳಿ ಮಾತ್ರೆ ಡಬ್ಬಿಯೊಳಗಿಟ್ಟು ಹಾಕಿದ್ದರು. ಆದರೂ ಪರೀಕ್ಷೆಗೆ ಕಳಿಸಿದ್ದಳು. ಇಂದು ಉತ್ತರ ಬಂದಿತ್ತು — ಸೋಂಕಿದೆ, ಬಿಟ್ಟರೆ ಕ್ಯಾನ್ಸರಾಗಬಲ್ಲ ಕೆಟ್ಟ ಬಗೆಯದು. ಆಕೆ ಈಗ ಸಿಕ್ಕರೆ ಕೆಲವೇ ನಿಮಿಷಗಳ ಚಿಕಿತ್ಸೆ. ಸಿಗದೇ ಹೋದರೆ? ದೇವರೇ, ಯಾರ ಮಗಳೋ!

ದೇವರು ದಾರಿ ತೋರಿಸುತ್ತಾನೆ. ನಡೆದು ಕಾಲು ಸವೆಸಬೇಕಾದವರು ನಾವೇ. ಅವಳು ಆ ಟ್ಯೂಬು ಬಂದಿದ್ದ ಬಿಳಿ ಡಬ್ಬಿಯನ್ನು ಮತ್ತೆ ತೆರೆದಳು. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರು. ಒಳಗೊಂದು ಹತ್ತಿಯುಂಡೆ — ತಿರುಚಿ, ಬಿಗಿದು ಮಾಡಿದ್ದು.

ಉಂಡೆಯನ್ನಷ್ಟೇ ಮೂಲೆಯಮ್ಮನಿಗೆ ತೋರಿಸಿದಳು. ದಿಂಬಿನ ನಾಲ್ಕು ಮೂಲೆ ತುಂಬುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೆಸರು ಬಂದದ್ದೂ ಹಾಗೆಯೇ. ಮಗ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಅವಳು, ಇದೇ ಕಾರ್ಖಾನೆಯಲ್ಲಿ ಅಂಚು ಹೊಲಿಯುವ ಸೊಸೆ, ಇಬ್ಬರೇ.

"ಇದು ಯಾರ ಕೈಕೆಲಸ?"

"ನನ್ನದೇ. ಈ ತಿರುಚು ಬೇರೆಯೋರಿಗೆ ಎಲ್ಲಿ ಬರುತ್ತೆ?" ಎಂದವಳ ಮುಖ ಸಟ್ಟನೆ ಬಾಡಿತು. "ಅವಳಿಗೆ ಏನಾದ್ರೂ ಆಯ್ತಾ?"

"ಯಾರಿಗೆ?"

"ಯಾರಿಗೂ ಇಲ್ಲ. ಬಾಯಿ ತಪ್ಪಿ ಬಂತು." ಅವಳು ಮತ್ತೆ ದಿಂಬಿಗೆ ಹತ್ತಿ ತುರುಕತೊಡಗಿದಳು.

ಮರುದಿನ ನರ್ಸಮ್ಮ ರಕ್ತದೊತ್ತಡ ನೋಡುವ ನೆಪದಲ್ಲಿ ಮೂವತ್ತರೊಳಗಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದಳು. ಒಬ್ಬಳನ್ನೇ ಕರೆದರೆ ಊರ ಕಣ್ಣೆಲ್ಲ ಅವಳ ಮೇಲೆ. ಐದನೆಯವಳು ಮೂಲೆಯಮ್ಮನ ಸೊಸೆ. ನರ್ಸಮ್ಮ ಬಾಗಿಲು ಮುಚ್ಚಿದಳು.

"ಟ್ಯೂಬು ನಿನ್ನದು. ಅಲ್ವೇನಮ್ಮ?"

"ನಂದಲ್ಲ! ನಂಗ್ಯಾಕೆ?"

"ಹೆದರಬೇಡ, ಈ ಮಾತು ಈ ಬಾಗಿಲು ದಾಟಲ್ಲ. ಅವತ್ತು ಇಪ್ಪತ್ತೈದು ಅಂತ ಕೇಳಿದೋಳು ನೀನು. ನಾನು ತಮಾಷೆ ಅಂತ ಬಿಟ್ಟುಬಿಟ್ಟೆ, ತಪ್ಪು ನಂದು. ಎಲ್ಲರಿಗೂ ಮೂವತ್ತಕ್ಕೆ ಶುರು ಮಾಡ್ತೀವಿ. ಎಚ್‌ಐವಿ ಇದ್ದೋರಿಗೆ ಮಾತ್ರ ಇಪ್ಪತ್ತೈದಕ್ಕೇ, ಯಾಕಂದ್ರೆ ಅವರಲ್ಲಿ ಇದು ಬೇಗ ಬೆಳೆಯುತ್ತೆ. ಆ ಲೆಕ್ಕ ಸುಮ್ಮನೆ ಯಾರಿಗೂ ಗೊತ್ತಿರಲ್ಲ. ಮೇಲೆ ಈ ಡಬ್ಬಿ. ಮಾತ್ರೆ ಡಬ್ಬಿ ಚೀಟಿನ ಇಷ್ಟು ಕೆರೆಯೋರು ಯಾರು? ಮುಚ್ಚಿಡಬೇಕಾದೋರು."

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು. "ಮಾತ್ರೆ ಕೊಡೋ ಕಡೆ ಪರೀಕ್ಷೆ ಮಾಡಿಸ್ಕೋ ಅಂದ್ರು. ರಜೆ ಸಿಗಲಿಲ್ಲ. ನಿಮ್ಮ ಚೀಲದಿಂದ ಒಂದು ತಗೊಂಡೆ, ಹೆಸರು ಬರೆಯೋಕೆ ಧೈರ್ಯ ಬರಲಿಲ್ಲ... ಅತ್ತೆಗೆ ಹೇಳ್ಬೇಡಿ ನರ್ಸಮ್ಮ. ಗೊತ್ತಾದ್ರೆ ನಂಗೆ ಇನ್ನೊಂದು ಮನೆಯಿಲ್ಲ."

"ನಾನು ಹೇಳಲ್ಲ. ಟ್ಯೂಬಲ್ಲಿ ಸೋಂಕು ಸಿಕ್ಕಿದೆ, ಆಸ್ಪತ್ರೆಗೆ ಬಾ, ಸಣ್ಣ ಚಿಕಿತ್ಸೆ ಸಾಕು. ಒಂದು ಮಾತು — ಡಬ್ಬಿಯೊಳಗೆ ಹತ್ತಿ ಯಾಕಿಟ್ಟೆ?"

"ನಾನಿಟ್ಟಿಲ್ಲ. ಪ್ರತಿ ಡಬ್ಬಿಯಲ್ಲೂ ಇರುತ್ತಲ್ಲ? ಆಸ್ಪತ್ರೆಯೋರೇ ಹಾಕ್ತಾರೆ ಅನ್ಕೊಂಡಿದ್ದೆ."

"ನಾವು ಹಾಕಲ್ಲ ಮಗಳೇ. ಮಾತ್ರೆ ಚೀಲದಲ್ಲಿ ಗಲಗಲ ಅಂದ್ರೆ ಪಕ್ಕದೋರು ಏನದು ಅಂತಾರೆ. ಸದ್ದಾಗದ ಹಾಗೆ ಯಾರೋ ನೋಡ್ಕೊಂಡಿದ್ದಾರೆ." ನರ್ಸಮ್ಮ ಉಂಡೆಯನ್ನು ಅವಳ ಅಂಗೈಯಲ್ಲಿಟ್ಟಳು.

ಹುಡುಗಿ ಅದನ್ನು ತಿರುಗಿಸಿ ನೋಡಿದಳು. ಅತ್ತೆ ದಿಂಬಿನ ಮೂಲೆಗೆ ತುಂಬುವ ಅದೇ ತಿರುಚು; ದಿನವೂ ಕಂಡದ್ದು, ಡಬ್ಬಿಯಲ್ಲಿ ಮಾತ್ರ ಗಮನಿಸಿರಲಿಲ್ಲ.

"ಮೂರು ವರ್ಷದಿಂದ... ಅತ್ತೆಗೆ ಗೊತ್ತಿತ್ತು!" ಎಂದಳು. ಕಣ್ಣೀರು ಉಂಡೆಯ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ನೋಡಿದಾಗ ಗರ್ಭಕೋಶದ ಬಾಯಿಯ ಮಚ್ಚೆ ಸಣ್ಣದಿತ್ತು. ಬಿಸಿ ತಾಗಿಸಿ ಸುಟ್ಟರು. ವರ್ಷಕ್ಕೆ ಮತ್ತೆ ಬಂದು ತೋರಿಸು ಎಂದರು. ಆ ಸಂಜೆ ಸೊಸೆ ಹೊಸ ಡಬ್ಬಿಯನ್ನು ಚೀಟಿ ಕೆರೆಯದೆ ಅತ್ತೆಯ ಮುಂದೆ ಹಿಡಿದಳು.

"ಹತ್ತಿ ಹಾಕಿಕೊಡಿ ಅತ್ತೆ."

ಮುದುಕಿ ಡಬ್ಬಿಯ ಚೀಟಿಯನ್ನೊಮ್ಮೆ ಬೆರಳಿನಿಂದ ಸವರಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಉಂಡೆ ಅಲ್ಲಿ ಸಿದ್ಧವಾಗಿಯೇ ಇತ್ತು.